ಚೂಡಿ ಹೋಗೈತೆ

ನಮ್ಮ ಬೈಕಿನ ಸೀರೆ ಗಾರ್ಡ್ ತೆಗೆಸಿದ್ದು ನಾನೇ ಎಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಅವರೇ ಎಂದು ನಾನು ಹೇಳುತ್ತೇನೆ. ಹಿಂದೆ ಕೂತ ಹೆಂಗಸಿನ ಸೀರೆ ಚಕ್ರಕ್ಕೆ ಸಿಗದಿರಲಿ ಎಂದು ಪಕ್ಕಕ್ಕೆ ಹಾಕುವ ಆ ಕಂಬಿಯ ಜಾಲರಿ, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಕಡಕಡ ಎಂದು ತಲೆ ತಿನ್ನುತ್ತಿತ್ತು. ನಾನು ಸೀರೆ ಬಿಟ್ಟು ಚೂಡಿದಾರಕ್ಕೆ ಬಂದು ವರ್ಷಗಳೇ ಆಗಿದ್ದವು. ಸೀರೆಯೇ ಉಡದ ಮೇಲೆ ಸೀರೆ ಗಾರ್ಡ್ ಯಾಕೆ ಎಂದು ನಮ್ಮಲ್ಲಿ ಒಬ್ಬರು ಅಂದರು, ಹೌದಲ್ಲ ಎಂದು ಇನ್ನೊಬ್ಬರು ಅಂದರು. ಯಾರು ಯಾವುದು ಅಂದದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ. ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುವ ಹೆಂಗಸರು ಪಾದ ಊರುವ ಪಟ್ಟಿಯೂ ಅದರಲ್ಲೇ ಇತ್ತು, ಜಾಲರಿಯ ಜೊತೆಗೆ ಅದೂ ಗುಜರಿಗೆ ಹೋಯಿತು ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ನಾನು ಕಡೂರಿನಲ್ಲಿ ಬಟ್ಟೆ ಹೊಲಿಯುವವಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮಳಿಗೆ, ಒಂದು ಮಿಷಿನ್ನು, ಗೋಡೆಗೆ ಒಂದು ಕನ್ನಡಿ. ಬ್ಲೌಸು ಮತ್ತು ಚೂಡಿ ನನ್ನ ಕೆಲಸ. ಚೂಡಿದಾರ ಎಂದು ಪೂರ್ತಿ ಯಾರೂ ಹೇಳುವುದಿಲ್ಲ, ನಮ್ಮ ಕಡೆ ಹೆಣ್ಣುಮಕ್ಕಳ ಬಾಯಲ್ಲಿ ಅದು ಚೂಡಿ. ಸುತ್ತಮುತ್ತಲಿನವರೆಲ್ಲ ಮಿಷಿನ್ನಿಗೆ ಮೋಟಾರು ಹಾಕಿಸಿಕೊಂಡರೂ ನಾನು ಹಾಕಿಸಿಲ್ಲ. ಕುತ್ತಿಗೆಯ ತಿರುವಿನಲ್ಲಿ ಒಂದೊಂದೇ ಹೊಲಿಗೆ ಇಡಬೇಕಾದಾಗ ಮೋಟಾರು ದಡಬಡ ಓಡುತ್ತದೆ; ಕಾಲಾದರೆ ಹೇಳಿದ ಮಾತು ಕೇಳುತ್ತದೆ. ಬಲಗಾಲು ಮುಂದೆ, ಎಡಗಾಲು ಹಿಂದೆ. ತುಳಿತ ಶುರು ಮಾಡುವುದೂ ನಿಲ್ಲಿಸುವುದೂ ನನ್ನ ಎಡಗಾಲಿನ ಹಿಮ್ಮಡಿ. ನಮ್ಮ ಮನೆಯ ಒಲೆ ಉರಿಯುವುದು ಆ ಹಿಮ್ಮಡಿಯಿಂದ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮನೆಯವರ ತೆಂಗಿನಕಾಯಿ ವ್ಯಾಪಾರ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇರುವುದಿಲ್ಲ.

ಆ ದಿನ ತರೀಕೆರೆಯ ಒಂದು ಮದುವೆ ಮನೆಗೆ ಬ್ಲೌಸುಗಳನ್ನು ಮುಟ್ಟಿಸಬೇಕಿತ್ತು. ಅಜ್ಜಂಪುರದಲ್ಲೂ ಒಬ್ಬರಿಗೆ ಕೊಡುವುದಿತ್ತು, ಹಾಗಾಗಿ ಹೈವೇ ಬಿಟ್ಟು ಆ ಕಡೆಯಿಂದ ಸುತ್ತಿಕೊಂಡು ಹೊರಟೆವು. ಅಳತೆ ಸರಿಯಿಲ್ಲ ಎಂದರೆ ಅಲ್ಲೇ ಕೂತು ತಿದ್ದಿಕೊಡಲು ಕತ್ತರಿ, ಟೇಪು, ದಾರ ಎಲ್ಲ ಚೀಲದಲ್ಲಿತ್ತು. ಚೀಲ ದೊಡ್ಡದು. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕಡೆ ಕಾಲು ಹಾಕಿ ಕೂರಲಾಗದೆ ಒಂದೇ ಕಡೆಗೆ ಕೂತಿದ್ದೆ. ಅಜ್ಜಂಪುರ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಈರುಳ್ಳಿ ಹೊಲ. ಕಿತ್ತು ರಾಶಿ ಹಾಕಿದ್ದ ಈರುಳ್ಳಿಯ ಘಾಟು ಗಾಳಿಯಲ್ಲೆಲ್ಲ ತುಂಬಿತ್ತು. ತೋಳು ಬಿಗಿ ಎಂದು ಮದುವೆ ಹುಡುಗಿ ರಾಗ ತೆಗೆದರೆ ಏನು ಉತ್ತರ ಕೊಡಬೇಕೆಂದು ನಾನು ಮನೆಯವರ ಬೆನ್ನಿಗೆ ಹೇಳುತ್ತಿದ್ದೆ. ಅವರು ಹೂಂ ಹೂಂ ಎನ್ನುತ್ತಿದ್ದರು, ಕೇಳಿಸಿಕೊಳ್ಳುತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹೆಗಲು ಹಿಡಿದು ಜಗ್ಗಿದಂತಾಯಿತು. ನನ್ನ ವೇಲು. ಹೆಗಲಿಗೆ ಹಾಕಿದ್ದ ಪಿನ್ನು ಕಿತ್ತುಕೊಂಡು, ವೇಲಿನ ತುದಿ ಚಕ್ರಕ್ಕೆ ಸುತ್ತಿಕೊಂಡು, ನನ್ನನ್ನು ಕೆಳಕ್ಕೆ ಎಳೆಯಿತು. ಎಡಗಾಲು ತಾನಾಗಿಯೇ ಊರಿಕೊಳ್ಳಲು ಜಾಗ ಹುಡುಕಿತು. ಅದಕ್ಕೆ ಸಿಕ್ಕಿದ್ದು ತಿರುಗುತ್ತಿದ್ದ ಹಿಂದಿನ ಚಕ್ರ.

ನೋವು ತಕ್ಷಣ ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. "ರೀ, ನಿಲ್ಸ್ರೀ!" ಎಂದು ಕೂಗಿದೆ. ಬೈಕು ಆಗಲೇ ನಿಂತಿತ್ತು. ನಾನು ಸೀಟಿನಿಂದ ಜಾರಿ ಟಾರಿನ ಮೇಲೆ ಬಿದ್ದಿದ್ದೆ, ಎಡಗಾಲು ಮಾತ್ರ ಚಕ್ರದಲ್ಲಿತ್ತು. ಪಾದ ಚಕ್ರದ ಎರಡು ಕಡ್ಡಿಗಳ ನಡುವೆ ಒಳಹೋಗಿ, ಚಕ್ರವನ್ನು ಹಿಡಿದುಕೊಂಡಿರುವ ಕಬ್ಬಿಣದ ತೋಳಿಗೆ ಒತ್ತಿ ಸಿಕ್ಕಿಕೊಂಡಿತ್ತು. ಮನೆಯವರು ಬೈಕನ್ನು ಬೀಳದಂತೆ ಹಿಡಿದುಕೊಂಡು, ಚಕ್ರವನ್ನು ಹಿಂದಕ್ಕೆ ಒಂಚೂರು ಉರುಳಿಸಿದರು. ಆಗ ನೋವು ಬಂತು. ನಾನು ಹಾಕಿದ ಕಿರುಚಾಟಕ್ಕೆ ಈರುಳ್ಳಿ ಹೊಲದ ಹೆಂಗಸರೆಲ್ಲ ಎದ್ದು ನಿಂತರು.

ಚೀಲದಿಂದ ಕತ್ತರಿ ತೆಗೆಸಿ ವೇಲನ್ನು ಕತ್ತರಿಸಿದೆವು. ಹೊರಗಿದ್ದದ್ದು ಬಂತು, ಒಳಗೆ ಸುತ್ತಿಕೊಂಡಿದ್ದು ಹಗ್ಗದ ಹಾಗೆ ಬಿಗಿದು ಚಕ್ರವನ್ನು ಹಿಂದಕ್ಕೂ ಬಿಡದೆ ಮುಂದಕ್ಕೂ ಬಿಡದೆ ಹಿಡಿದಿತ್ತು. ತಂತಿ ಕಡ್ಡಿಗಳ ಹಳೆಯ ಚಕ್ರವಾಗಿದ್ದರೆ ಕಡ್ಡಿಗಳನ್ನೇ ಕತ್ತರಿಸಿ ಕಾಲು ತೆಗೆಯಬಹುದಿತ್ತು. ನಮ್ಮದು ಅಲಾಯ್ ಚಕ್ರ, ಒಂದೊಂದು ಕಡ್ಡಿಯೂ ಲಟ್ಟಣಿಗೆಯಷ್ಟು ದಪ್ಪ. ಬೈಕು ಕೊಳ್ಳುವಾಗ ಅದೇ ಬೇಕೆಂದು ಹಠ ಹಿಡಿದವರು ಯಾರು ಎಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ. ಉಳಿದ ದಾರಿ ಒಂದೇ, ಇಡೀ ಚಕ್ರವನ್ನು ಬಿಚ್ಚಿ ಕೆಳಗಿಳಿಸುವುದು. ಚಕ್ರದ ನಡುವೆ ಒಂದು ಉದ್ದನೆಯ ಬೋಲ್ಟು ತೂರಿರುತ್ತದೆ, ಅದರ ತುದಿಗೆ ಒಂದು ನಟ್ಟು. ಆ ನಟ್ಟು ಬಂದರೆ ಬೋಲ್ಟು ಬರುತ್ತದೆ, ಬೋಲ್ಟು ಬಂದರೆ ಚಕ್ರ ಸಡಿಲವಾಗುತ್ತದೆ, ಚಕ್ರ ಸಡಿಲವಾದರೆ ನನ್ನ ಕಾಲು.

ನಟ್ಟು ನನ್ನ ಕಣ್ಣಿನ ಮಟ್ಟದಲ್ಲೇ ಇತ್ತು. ಮನೆಯವರು ದಿನ ಬೆಳಗಾದರೆ ಬೈಕನ್ನು ಬೋರ್ ನೀರಿನಲ್ಲಿ ಮೀಯಿಸುತ್ತಾರೆ. ನಮ್ಮ ಬೋರ್ ನೀರು ಬಿಂದಿಗೆಯ ಮೇಲೆ ಬಿಳಿ ಪದರ ಕಟ್ಟುವಂಥದ್ದು. ಆ ಪದರ, ಅದರ ಕೆಳಗೆ ತುಕ್ಕು, ಅದರ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ, ಎಲ್ಲ ಸೇರಿ ನಟ್ಟೂ ಬೋಲ್ಟೂ ಒಂದೇ ಕಬ್ಬಿಣವಾಗಿ ಹೋಗಿದ್ದವು. ಸೀಟಿನ ಕೆಳಗಿದ್ದ ಸ್ಪ್ಯಾನರ್ ಹಾಕಿ ಮನೆಯವರು ಮೈಭಾರ ಬಿಟ್ಟು ಒತ್ತಿದರು. ಸ್ಪ್ಯಾನರಿನ ಬಾಯಿ ಅಗಲವಾಗಿ ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ಪ್ರತಿ ಸಲ ಜಾರಿದಾಗಲೂ ಬೈಕು ಅಲುಗಿ ನನ್ನ ಕಾಲಿನ ಮೂಳೆಗೆ ಏಟು ಬೀಳುತ್ತಿತ್ತು, ಪ್ರತಿ ಸಲ ಜಾರಿದಾಗಲೂ ನಟ್ಟಿನ ಮೂಲೆಗಳು ಸವೆದು ಅದು ಗುಂಡಗಾಗುತ್ತಿತ್ತು. "ಏನಾಗಲ್ಲ ಕಣೇ, ಏನಾಗಲ್ಲ" ಎಂದು ಅವರು ಹೇಳುತ್ತಲೇ ಇದ್ದರು.

"ಬಿಡ್ರೀ! ಇನ್ನೊಂದ್ಸಲ ಆ ಸ್ಪ್ಯಾನರ್ ಹಾಕಿದ್ರೆ ನಿಮ್ಮನ್ನೇ ಕಚ್ಚಿಬಿಡ್ತೀನಿ. ಹೋಗಿ ಯಾರನ್ನಾದ್ರೂ ಕರ್ಕೊಂಬನ್ನಿ" ಎಂದೆ.

ಅಷ್ಟರಲ್ಲಿ ಹೊಲದ ಹೆಂಗಸರು ಈರುಳ್ಳಿ ಮೂಟೆಗಳನ್ನು ಹೊತ್ತು ತಂದು, ಬೈಕು ಬೀಳದ ಹಾಗೆ ಎರಡೂ ಕಡೆ ಒತ್ತಿಟ್ಟರು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕುಗಳೂ ನಿಂತವು. ಆಂಬುಲೆನ್ಸಿಗೆ ಒಬ್ಬರು ಫೋನ್ ಮಾಡಿದರು, ಹೊರಟಿದೆಯಂತೆ ಎಂದರು. ಮನೆಯವರು ಯಾರದೋ ಬೈಕು ಹತ್ತಿ ಅಜ್ಜಂಪುರಕ್ಕೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋದರು. ಹೆಂಗಸರಲ್ಲಿ ವಯಸ್ಸಾದ ಒಬ್ಬ ಅಜ್ಜಿ ಟಾರಿನ ಮೇಲೆ ಕೂತು ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವಳ ಕೈಯಲ್ಲೂ ಈರುಳ್ಳಿ ವಾಸನೆ. ನನ್ನ ಕಣ್ಣಲ್ಲಿ ಬರುತ್ತಿದ್ದ ನೀರಿಗೆ ಅದೂ ಒಂದು ನೆಪವಾಯಿತು.

"ಅಜ್ಜಿ, ನನ್ನ ಬೆರಳು ಯಾವ ಬಣ್ಣ ಐತೆ ನೋಡು" ಎಂದೆ. ಬೆರಳುಗಳ ಅರಿವೇ ನನಗೆ ತಪ್ಪುತ್ತಿತ್ತು.

"ಚೆನ್ನಾಗೈತೆ ಕಣವ್ವ" ಎಂದಳು, ನೋಡದೆಯೇ.

ಹಿಂದೆ ನಿಂತಿದ್ದ ಗಂಡಸೊಬ್ಬ ಇನ್ನೊಬ್ಬನಿಗೆ, "ಹಿಂಗೆ ಜಾಸ್ತಿ ಹೊತ್ತು ಸಿಕ್ಕಾಕ್ಕೊಂಡ್ರೆ ಕಾಲು ತೆಗೀಬೇಕಾಯ್ತದೆ" ಎಂದು ಪಿಸುಗುಟ್ಟಿದ. ಪಿಸುಮಾತು ಎಂದುಕೊಂಡದ್ದು ಅವನೊಬ್ಬನೇ. ನನಗೆ ಮಿಷಿನ್ನಿನ ಪೆಡಲು ಕಣ್ಣಮುಂದೆ ಬಂತು, ಅದರ ಮೇಲೆ ಬಲಗಾಲು ಒಂದೇ ಇತ್ತು. ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದವಳು ಬಾಯಿ ಬಿಟ್ಟು ಅತ್ತೆ. ಕಾಲು ಹೋದರೆ ನಾನು ಹೋದಂತೆಯೇ ಎಂದು ಆ ಅಜ್ಜಿಗೆ ಹೇಳಿದೆ. ಅವಳು ನನ್ನ ಹಣೆ ಒತ್ತುತ್ತ, "ಸುಮ್ಕಿರವ್ವ, ಸುಮ್ಕಿರು" ಎನ್ನುತ್ತಿದ್ದಳು.

ಮೆಕ್ಯಾನಿಕ್ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ತಲೆಗೆ ಬಿಳಿ ಟೋಪಿ, ಅಂಗಿಯ ತುಂಬ ಎಣ್ಣೆ, ಸಾಮಾನುಗಳನ್ನು ಪೇಂಟಿನ ಹಳೆಯ ಡಬ್ಬದಲ್ಲಿ ತುಂಬಿಕೊಂಡು ತಂದಿದ್ದರು. ಬಂದವರೇ ನನ್ನನ್ನು ನೋಡಲಿಲ್ಲ, ನಟ್ಟನ್ನು ನೋಡಿದರು.

"ಯಾರ್ರೀ ಇದನ್ನ ಹಿಂಗೆ ತಿಂದಾಕಿರೋದು? ಮೂಲೆ ಒಂದಾದ್ರೂ ಬಿಟ್ಟಿದೀರಾ?"

ಮನೆಯವರು ತಲೆ ತಗ್ಗಿಸಿದರು. ನನಗೆ ಆ ನೋವಿನಲ್ಲೂ ಒಂದಿಷ್ಟು ಸಮಾಧಾನವಾಯಿತು.

ಅವರು ಕೆನ್ನೆ ರಸ್ತೆಗೆ ತಾಗುವಷ್ಟು ಬಗ್ಗಿ ಮಲಗಿದರು. ಅಲ್ಲಿಂದ ಮುಂದೆ ನನಗೆ ಕಂಡದ್ದು ಅವರ ಕೈಗಳು ಮಾತ್ರ. ನಟ್ಟಿನ ಸುತ್ತ ಡೀಸೆಲ್ ಬಿಟ್ಟರು. ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರು. ಕಾದರು. ಮತ್ತೆ ತಟ್ಟಿದರು. "ಅಲ್ಲಾಡ್ಬ್ಯಾಡಮ್ಮ ನೀನು" ಎಂದು ನನಗೂ ಗದರಿದರು. ಗುಂಡಗಾಗಿದ್ದ ನಟ್ಟಿಗೆ ಮುಚ್ಚಳದ ಹಾಗೆ ಮೇಲೆ ಕೂರುವ, ಸ್ವಲ್ಪ ಸಣ್ಣ ಅಳತೆಯ ಸ್ಪ್ಯಾನರನ್ನು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದರು. ಪ್ರತಿ ಏಟೂ ನನ್ನ ಹಲ್ಲಿನವರೆಗೆ ಬರುತ್ತಿತ್ತು. ಅದಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಉಸಿರು ಹಿಡಿದು ಎಳೆದರು. ಕಟ್ ಎಂದು ಸದ್ದಾಗಿ ನಟ್ಟು ತಿರುಗಿತು. ಸುತ್ತ ನಿಂತವರೆಲ್ಲ ಹೋ ಎಂದರು. ನಾನು ಅಜ್ಜಿಯ ಕೈಗೆ ಮುತ್ತಿಟ್ಟುಬಿಟ್ಟೆ.

ನಟ್ಟು ತಿರುಗುತ್ತಲೇ ಇತ್ತು. ಸುಲಭವಾಗಿ, ಬೆರಳಲ್ಲಿ ತಿರುಗಿಸುವಷ್ಟು ಸುಲಭವಾಗಿ ತಿರುಗುತ್ತಿತ್ತು, ಆದರೆ ಈಚೆಗೆ ಮಾತ್ರ ಬರುತ್ತಿರಲಿಲ್ಲ. ಅವರು ನಿಲ್ಲಿಸಿದರು. ತಮ್ಮ ಮಾತಿನಲ್ಲಿ ಏನೋ ಗೊಣಗಿಕೊಂಡರು. ಆಮೇಲೆ, ಹೊರಗೆ ಚಾಚಿದ್ದ ಬೋಲ್ಟಿನ ತುದಿಯ ಮೇಲೆ ತೋರುಬೆರಳಿಟ್ಟು, ಅದರ ಸುತ್ತು ಸುತ್ತಾದ ಗೀರುಗಳ ಮೇಲೆ ಬೆರಳಾಡಿಸುತ್ತ ಹೇಳಿದರು:

"ಚೂಡಿ ಹೋಗೈತೆ. ಇನ್ನು ಬಿಚ್ಚೋಕಾಗಲ್ಲ, ಕಟ್ ಮಾಡ್ಬೇಕು."

ನಾನು ದರ್ಜಿ. ಚೂಡಿ ಎಂದ ತಕ್ಷಣ ನನ್ನ ಮನಸ್ಸು ನನ್ನ ಪ್ಯಾಂಟಿನ ಕಡೆಗೇ ಹೋಯಿತು, ಕಣಕಾಲಿನ ಹತ್ತಿರ ಎಷ್ಟು ಬಿಗಿ ಇಟ್ಟಿದ್ದೆ ಎಂದು ಲೆಕ್ಕ ಹಾಕಿತು. ಮರುಗಳಿಗೆಯಲ್ಲಿ ಅವರ ಬೆರಳು ಕಂಡಿತು. ಆ ಬೆರಳು ನನ್ನ ಬಟ್ಟೆಯ ಹತ್ತಿರವೂ ಇರಲಿಲ್ಲ. ಅವರು ಹೇಳುತ್ತಿದ್ದ ಚೂಡಿ ಬೋಲ್ಟಿನ ಮೇಲಿನ ಸುತ್ತುಗಳು, ನಾವು ಥ್ರೆಡ್ ಎನ್ನುವುದು. ಅವರ ಭಾಷೆಯಲ್ಲಿ ಚೂಡಿ ಎಂದರೆ ಬಳೆ, ಬೋಲ್ಟಿನ ಸುತ್ತಿಗೂ ಅದೇ ಮಾತು ಎಂದು ಆಮೇಲೆ ತಿಳಿಯಿತು. ಆದರೆ ರಸ್ತೆಯ ಮೇಲೆ ನಿಂತವರಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಬೆರಳನ್ನು ನೋಡಿದವಳು ಅಷ್ಟು ಜನರಲ್ಲಿ ನಾನೊಬ್ಬಳೇ, ಯಾಕೆಂದರೆ ಚಕ್ರದ ಮಟ್ಟದಲ್ಲಿ ಬಿದ್ದಿದ್ದವಳು ನಾನೊಬ್ಬಳೇ.

"ಚೂಡಿ ಯಾಕ್ರೀ ಕಟ್ ಮಾಡ್ಬೇಕು?" ಎಂದರು ನಮ್ಮ ಮನೆಯವರು.

"ಕಟ್ ಮಾಡ್ದೆ ಇನ್ನೆಂಗೆ ಬರ್ತದ್ರೀ? ಪೂರ್ತಿ ಬ್ಯಾಡ, ಅರ್ಧ ಕಟ್ ಮಾಡಿದ್ರೂ ಸಾಕು" ಎಂದು ಅವರು ತಿರುಗಿಯೂ ನೋಡದೆ ಡಬ್ಬದಲ್ಲಿ ಉಳಿ ಹುಡುಕತೊಡಗಿದರು.

ಗುಂಪಿನಲ್ಲಿದ್ದ ಒಬ್ಬ ಯುವಕ, ಬಂದಾಗಿನಿಂದ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದವನು, ಮುಂದೆ ಬಂದ.

"ಏಯ್, ಏನಂದೆ? ನಡು ರೋಡಲ್ಲಿ ಹೆಂಗಸ್ರ ಬಟ್ಟೆ ಕಟ್ ಮಾಡ್ತೀಯೇನೋ?"

ಅದುವರೆಗೆ ಎಲ್ಲರಿಗೂ ಅವರು ಮೆಕ್ಯಾನಿಕ್ ಆಗಿದ್ದರು. ಈಗ ಎಲ್ಲರಿಗೂ ಅವರ ಟೋಪಿ ಕಂಡಿತು. ಗುಂಪಿನ ದನಿಯೇ ಬೇರೆಯಾಯಿತು. ಇನ್ನೊಬ್ಬ ಅವರ ಕೊರಳಪಟ್ಟಿಗೆ ಕೈ ಹಾಕಿ ಎಬ್ಬಿಸಿದ. ಅವರು "ಚೂಡಿ, ಚೂಡಿ ಅಂದ್ರೆ..." ಎಂದು ಬೋಲ್ಟಿನ ಕಡೆ ಕೈ ತೋರಿಸಹೋದರು, ಬೋಲ್ಟೂ ನನ್ನ ಕಾಲೂ ಇದ್ದದ್ದು ಒಂದೇ ಕಡೆ, ಅದು ಇನ್ನೂ ಕೆಟ್ಟದಾಯಿತು. ಅಂಗಿಯ ಗುಂಡಿಗಳು ಕಿತ್ತು ಟಾರಿನ ಮೇಲೆ ಉದುರಿದವು. 'ನಮ್ಮ ಹೆಣ್ಮಕ್ಕಳು' ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಆ ಹೆಣ್ಮಗಳು ಕೆಳಗೆ ಬಿದ್ದು ಅರಚುತ್ತಿರುವುದು ಮಾತ್ರ ಯಾರಿಗೂ ಬೇಕಿರಲಿಲ್ಲ. ಅಜ್ಜಿ, ಪಾಪ, ನನ್ನ ಮಾನ ಕಾಯಲೆಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನ್ನ ಕಾಲಿನ ಮೇಲೆ ಹೊದಿಸಿದಳು. ಕಾಲಿನ ಜೊತೆ ನಟ್ಟೂ ಮುಚ್ಚಿಹೋಯಿತು.

"ಬೋಲ್ಟಿಂದು ಕಣ್ರೋ! ಬೋಲ್ಟಿನ ಚೂಡಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

"ನೋವಿಗೆ ಏನೇನೋ ಬಡಬಡಿಸ್ತಾವ್ಳೆ" ಎಂದಿತು ಒಂದು ದನಿ.

ಮನೆಯವರು ಆ ಗುಂಪಿಗೂ ನನಗೂ ನಡುವೆ ಕೈಕಾಲು ಆಡದೆ ನಿಂತಿದ್ದರು. ನನ್ನ ಕಾಲನ್ನು ಬಿಡಿಸಬಲ್ಲ ಒಬ್ಬ ಮನುಷ್ಯನನ್ನು ನನ್ನ ಹೆಸರು ಹೇಳಿಕೊಂಡೇ ಎಳೆದುಕೊಂಡು ಹೋಗುತ್ತಿದ್ದರು. ಕಾಲು ಇನ್ನು ನನ್ನದಲ್ಲ ಎಂದು ಆಗ ಅನ್ನಿಸಿತು. ಅಂಥ ಅಸಹಾಯಕತೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ವೇಲು ಕತ್ತರಿಸಿದ ಮೇಲೆ ಪಕ್ಕದಲ್ಲೇ ಬಿದ್ದಿದ್ದ ಕತ್ತರಿ ಕೈಗೆ ತಗುಲಿತು.

ಟವೆಲನ್ನು ಕಿತ್ತೆಸೆದೆ. ಎದ್ದು ಕೂತು, ಪ್ಯಾಂಟಿನ ಎಡಗಾಲಿನ ತುದಿಗೆ ಕತ್ತರಿ ಹಾಕಿದೆ. ಕಣಕಾಲಿನಿಂದ ಮೊಣಕಾಲು ದಾಟಿ ತೊಡೆಯವರೆಗೆ, ನಾನೇ ಹೊಲಿದಿದ್ದ ಹೊಲಿಗೆಯ ಪಕ್ಕಕ್ಕೇ ಕರ್ರೆಂದು ಸೀಳಿದೆ. ಕತ್ತರಿಯ ಸದ್ದಿಗೋ ಏನೋ, ಗುಂಪು ತಿರುಗಿ ನೋಡಿತು. ನಾಚಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಾಳಿ ತೊಡೆಗೆ ತಾಗಿದಾಗ ಸತ್ತುಹೋಗಬೇಕು ಅನ್ನಿಸಿತು. ಮೊಬೈಲುಗಳು ನನ್ನ ಕಡೆಗೇ ತಿರುಗಿದ್ದವು.

"ನೋಡ್ಕೊಳ್ರೋ! ಚೂಡಿ ಕಟ್ ಆಯ್ತು. ನಾನೇ ಮಾಡ್ದೆ. ಕಾಲು ಬಂತಾ? ಬರಲಿಲ್ಲ ತಾನೆ? ಅವ್ರು ಬೆರಳಿಟ್ಟಿದ್ದು ಬೋಲ್ಟ್ ಮೇಲೆ, ನನ್ ಮೇಲಲ್ಲ. ಬಿಡ್ರೋ ಅವ್ರನ್ನ!"

ಕೊರಳಪಟ್ಟಿ ಹಿಡಿದಿದ್ದವನು ಬಿಟ್ಟ. ಅವರು ಟೋಪಿ ಸರಿಮಾಡಿಕೊಂಡು ಬಂದರು. ಬಂದದ್ದು ಡಬ್ಬಕ್ಕೆ ಸಾಮಾನು ತುಂಬಿಕೊಳ್ಳಲು.

"ನಂಗ್ಯಾಕ್ ಬುಡಿ. ಆಂಬುಲೆನ್ಸ್‌ನೋರೇ ನೋಡ್ಕಳ್ಲಿ."

"ಅಣ್ಣ, ನಿಮ್ ಕಾಲು ಹಿಡ್ಕೋತೀನಿ, ಹೋಗ್ಬ್ಯಾಡಿ" ಎಂದೆ. ಬರಿಯ ಮಾತಿಗೆ ಹೇಳಿದ್ದಲ್ಲ, ಕೈಗೆ ಎಟುಕಿದ್ದರೆ ಹಿಡಿದೇಬಿಡುತ್ತಿದ್ದೆ. ಮನೆಯವರು ಅವರ ಮುಂದೆ ನಿಂತು ಕೈಮುಗಿದರು. ಅವರು ಡಬ್ಬದಿಂದ ಮತ್ತೆ ಉಳಿ ತೆಗೆದುಕೊಂಡು ಗುಂಪಿನ ಕಡೆ ತಿರುಗಿದರು.

"ಈಗ ಎಲ್ರೂ ವಿಡಿಯೋ ಮಾಡ್ಕಳಿ. ನಾನು ಎಲ್ಲಿ ಕೈ ಇಕ್ತೀನಿ ಅನ್ನೋದನ್ನ ಸರಿಯಾಗ್ ಮಾಡ್ಕಳಿ."

ನಟ್ಟಿನ ಒಂದು ಪಕ್ಕಕ್ಕೆ ಉಳಿ ಇಟ್ಟು ಹೊಡೆಯತೊಡಗಿದರು. ಮೊದಲಿನ ಕೈ ಅದಾಗಿರಲಿಲ್ಲ. ಉಳಿ ಎರಡು ಸಲ ಜಾರಿತು, ಒಂದು ಸಲ ಏಟು ಅವರ ಹೆಬ್ಬೆರಳಿಗೇ ಬಿತ್ತು, ರಕ್ತ ಬಂತು, ಅವರು ಅಂಗಿಗೆ ಒರೆಸಿಕೊಂಡು ಮತ್ತೆ ಹೊಡೆದರು. ನಾನು ಅಜ್ಜಿಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಕೊನೆಗೆ ನಟ್ಟು ಸೀಳಿತು. ಉಳಿಯಿಂದ ಮೀಟಿ ಅದನ್ನು ಬಿಡಿಸಿ ಎಸೆದರು, ಬೋಲ್ಟಿನ ತುದಿಗೆ ಹೊಡೆದು ಹೊಡೆದು ಆಚೆ ಕಡೆಯಿಂದ ಎಳೆದುಕೊಂಡರು. ಇಡೀ ಚಕ್ರ ಕುಸಿದು ಸಡಿಲವಾಯಿತು. ನನ್ನ ಕಾಲನ್ನು ಒತ್ತಿದ್ದ ಭಾರ ಒಮ್ಮೆಗೇ ಇಳಿಯಿತು.

"ಯಾರಾದ್ರೂ ಕಾಲು ಹಿಡ್ಕಳಿ" ಎಂದರು.

ಎಲ್ಲರಿಗಿಂತ ಹತ್ತಿರವಿದ್ದವರು ಅವರೇ. "ನೀವೇ ಹಿಡೀರಿ ಅಣ್ಣ" ಎಂದೆ. ಅವರು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಖವನ್ನು ಹೊಲದ ಕಡೆಗೆ ತಿರುಗಿಸಿಕೊಂಡರು. ನನ್ನ ಬರಿಗಾಲು ಅವರ ಮೂಗಿನ ಹತ್ತಿರವೇ ಇತ್ತು. "ನಾನೇ ಹೇಳ್ತಿದೀನಲ್ಲ, ಹಿಡೀರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಅವರು ತಿರುಗಲಿಲ್ಲ. ಆ ಕಡೆ ನೋಡುತ್ತಲೇ, "ಹಿಮ್ಮಡಿ ಮೊದ್ಲು, ಆಮೇಲೆ ಮೆಲ್ಲಗೆ ಬೆರಳು" ಎಂದು ಹೇಳಿಕೊಟ್ಟರು. ಮನೆಯವರು ಹಿಮ್ಮಡಿ ಹಿಡಿದರು, ಅಜ್ಜಿ ಮೊಣಕಾಲು ಹಿಡಿದಳು. ಇಬ್ಬರ ಕಣ್ಣಲ್ಲೂ ನೀರು. ಕಿರುಬೆರಳು ಒಳಗೆ ವೇಲಿನ ಸುತ್ತಿಗೆ ಸಿಕ್ಕಿಕೊಂಡಿರುವುದನ್ನು ಯಾರೂ ನೋಡಲಿಲ್ಲ. ಅದನ್ನು ನೋಡಬಹುದಾಗಿದ್ದವರು ಹೊಲ ನೋಡುತ್ತಿದ್ದರು. ಮನೆಯವರು ಎಳೆದರು.

ಆಂಬುಲೆನ್ಸು ಬಂದದ್ದು, ತರೀಕೆರೆಯ ಆಸ್ಪತ್ರೆಗೆ ಹೋದದ್ದು ನನಗೆ ಅರೆಬರೆ ನೆನಪು. ಹಿಮ್ಮಡಿಯ ಮೂಳೆ ಬಿರುಕು ಬಿಟ್ಟಿತ್ತು, ನರ ಉಳಿದಿತ್ತು. ಕಿರುಬೆರಳು ಉಳಿಯಲಿಲ್ಲ. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಹಾಕಿದ್ದ ಹೊಲಿಗೆ ನೋಡಿ, ಇಷ್ಟು ದೂರ ದೂರ ಹಾಕಿದರೆ ನಮ್ಮ ಅಂಗಡಿಯಲ್ಲಿ ಗಿರಾಕಿ ಸುಮ್ಮನೆ ಬಿಡುತ್ತಾರೆಯೇ ಎಂದೆ. ಡಾಕ್ಟರು ನಕ್ಕರು, ನಾನು ಅತ್ತೆ. ತಿಂಗಳುಗಳಾದ ಮೇಲೆ ಮಿಷಿನ್ನಿನ ಮುಂದೆ ಕೂತು ಪೆಡಲಿನ ಮೇಲೆ ಎಡಗಾಲು ಇಟ್ಟೆ. ತುಳಿದಾಗ ನೋವಿತ್ತು, ಆದರೂ ಹಿಮ್ಮಡಿ ನಿಲ್ಲು ಎಂದರೆ ನಿಂತಿತು, ಹೋಗು ಎಂದರೆ ಹೋಯಿತು. ಒಂದು ಹಳೆಯ ಬಟ್ಟೆಯ ಮೇಲೆ ಸುಮ್ಮನೆ ಹೊಲಿಗೆ ಹಾಕುತ್ತ ಆ ಸಂಜೆಯೆಲ್ಲ ಕೂತಿದ್ದೆ.

ಆ ವಿಡಿಯೋ ಕೆಲವು ದಿನ ಅಜ್ಜಂಪುರದ ಮೊಬೈಲುಗಳಲ್ಲೆಲ್ಲ ಓಡಾಡಿತಂತೆ. ಯಾರೋ ನನಗೂ ಕಳಿಸಿದರು. ಅದರಲ್ಲಿ ಕೊರಳಪಟ್ಟಿ ಹಿಡಿದದ್ದಿತ್ತು, ನನ್ನ ಕೂಗಾಟವಿತ್ತು, ಹರಿದ ಬಟ್ಟೆಯಿತ್ತು. ಅಲ್ಲಿಗೆ ಮುಗಿಯುತ್ತಿತ್ತು. ಉಳಿ ಹಿಡಿದದ್ದು ಅದರಲ್ಲಿ ಇರಲಿಲ್ಲ.

ಕುಂಟದೆ ನಡೆಯುವಷ್ಟಾದ ಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋದೆ. ಮೆಕ್ಯಾನಿಕ್ ಅಂಗಡಿ ಅಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು, ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಅವರು ಯಾವುದೋ ಸ್ಕೂಟರಿನ ಮುಂದೆ ಕೂತಿದ್ದರು. ನನ್ನ ಗುರುತು ತಕ್ಷಣ ಸಿಕ್ಕಿತು, ಮುಖದಲ್ಲಿ ಗೊತ್ತಾಯಿತು. ಎದ್ದವರೇ ನನ್ನನ್ನು ದಾಟಿಕೊಂಡು ಅಂಗಡಿಯಿಂದ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ರಸ್ತೆಯಲ್ಲಿ ಹೋಗಿ ನಿಂತು, ಅಲ್ಲಿಂದಲೇ ಮನೆಯ ಕಡೆಗೆ ಗಟ್ಟಿಯಾಗಿ ಹೆಂಡತಿಯನ್ನು ಕೂಗಿದರು. ಆಕೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ನಿಂತ ಮೇಲೆಯೇ, "ಬಂದ್ರಾ ಅಮ್ಮ, ಕೂತ್ಕಳಿ" ಎಂದರು.

ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. ಚಪ್ಪಲಿ ಕಳಚಿ, ಎಡಗಾಲನ್ನು ಅಲ್ಲಿದ್ದ ಮರದ ಮಣೆಯ ಮೇಲಿಟ್ಟು, "ನೋಡಿ ಅಣ್ಣ, ನೀವು ಉಳಿಸಿದ್ದು" ಎಂದೆ.

ಅವರ ಹೆಂಡತಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಹಿಮ್ಮಡಿಯನ್ನು ಮುಟ್ಟಿ ನೋಡಿದರು, ಬೆರಳಿಲ್ಲದ ಜಾಗವನ್ನು ಸವರಿದರು, ಏನೋ ತಮ್ಮ ಮಾತಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. "ನೀವೂ ನೋಡಿ ಅಣ್ಣ" ಎಂದು ಇನ್ನೊಂದು ಸಲ ಹೇಳಿದೆ. ಅವರು "ಒಳ್ಳೇದಾಯ್ತಮ್ಮ, ಒಳ್ಳೇದಾಯ್ತು" ಎಂದರು, ಮುಖವನ್ನು ಕೊನೆಯವರೆಗೂ ಬಸ್ ಸ್ಟ್ಯಾಂಡಿನ ಕಡೆಗೇ ತಿರುಗಿಸಿಕೊಂಡು.